ಮೊಟ್ಟೆ ಇಡುತ್ತವೆ, ಮರಿ ಉಳಿಯುವುದಿಲ್ಲ: ಕಾಕಟೂ ಅಪಿಸ್ಟೊ ಸಾಕಿದವರಲ್ಲಿ ಒಂದು ವಿನಂತಿ

ಕನಕಪುರ ರಸ್ತೆ · ನವೆಂಬರ್ 18

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿನಿಂದ ನಾನು ಕಾಕಟೂ ಅಪಿಸ್ಟೊ ಎಂಬ, ಸಿಕ್ಲಿಡ್ ಕುಟುಂಬದ ಪುಟ್ಟ ಮೀನು ಸಾಕುತ್ತಿದ್ದೇನೆ. ಒಂದು ಗಂಡು, ಎರಡು ಹೆಣ್ಣು. ಎರಡೂವರೆ ಅಡಿ ಉದ್ದ, ಒಂದಡಿ ಅಗಲದ ಟ್ಯಾಂಕಿನಲ್ಲಿ ಸುಮಾರು 85 ಲೀಟರ್ ನೀರಿದೆ. ತಳದಲ್ಲಿ ನಯವಾದ ಮರಳು, ಒಂದು ಸ್ಪಾಂಜ್ ಫಿಲ್ಟರ್, ಬಾಯಿ ಕೊರೆದು ಬೋರಲು ಹಾಕಿದ ಎರಡು ತೆಂಗಿನ ಕರಟ, ಒಂದಿಷ್ಟು ಜಾವಾ ಫರ್ನ್. ಹೀಟರ್ 29 ಡಿಗ್ರಿಗೆ ನಿಂತಿದೆ. ಬಿಸಿ ಇದ್ದಷ್ಟೂ ಬೇಗ ಮೊಟ್ಟೆ ಇಡುತ್ತವೆ ಎಂದು ಮೀನು ಕೊಟ್ಟ ಅಂಗಡಿಯವರು ಹೇಳಿದ್ದರು, ಮೊಟ್ಟೆಯ ಮಟ್ಟಿಗೆ ಆ ಮಾತು ನಿಜವೂ ಆಯಿತು.

ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಹೆಣ್ಣು ಹಳದಿ ಬಣ್ಣಕ್ಕೆ ತಿರುಗಿ ಕರಟದೊಳಗೆ ಸೇರಿಕೊಳ್ಳುತ್ತದೆ, ಟಾರ್ಚ್ ಹಾಕಿ ನೋಡಿದರೆ ಚಾವಣಿಯಲ್ಲಿ ಇಟ್ಟಿಗೆ ಬಣ್ಣದ ಎಪ್ಪತ್ತು ಎಂಬತ್ತು ಮೊಟ್ಟೆಗಳು ಅಂಟಿಕೊಂಡಿರುತ್ತವೆ, ಮರುದಿನ ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಬೆಳ್ಳಗಾಗಿರುತ್ತವೆ, ಮೂರನೆಯ ದಿನ ಕರಟ ಖಾಲಿ. ಮೂರು ಸಲ ಹೀಗೇ ಆಯಿತು. ನೀರು ಮೆದುವಾಗಿಯೇ ಇದೆ ಎಂಬುದು ನನ್ನ ನಂಬಿಕೆ. ಪರೀಕ್ಷೆಯ ಕಿಟ್ ಗಡಸುತನವನ್ನು 4 ಡಿಗ್ರಿ ಎಂದು ತೋರಿಸುತ್ತದೆ. ಆದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 760 ಇದೆ, ಪಿಎಚ್ 7.9. ಹದಿನೈದು ಕಾಡುಬಾದಾಮಿ ಎಲೆ ಹಾಕಿದೆ. ನೀರು ಚಹಾದ ಬಣ್ಣಕ್ಕೆ ಬಂತೇ ಹೊರತು ಪಿಎಚ್ ಅಲುಗಲಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಮೂವತ್ತು ವರ್ಷದ ಪಾಚಿ · ನವೆಂಬರ್ 18

ನೀವಿರುವುದು ಅಪಾರ್ಟ್‌ಮೆಂಟಿನಲ್ಲಿಯೇ? ಅಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿದ್ದಾರೆಯೇ? ಇದನ್ನು ತಿಳಿಸಿ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ಕನಕಪುರ ರಸ್ತೆ · ನವೆಂಬರ್ 18

ಹೌದು ಸರ್. ನೆಲಮಾಳಿಗೆಯಲ್ಲಿ ದೊಡ್ಡ ಸಾಫ್ಟ್‌ನರ್ ಇದೆ, ತಿಂಗಳಿಗೆ ಮೂಟೆಗಟ್ಟಲೆ ಉಪ್ಪು ತರಿಸುತ್ತಾರೆ.

ಮೂವತ್ತು ವರ್ಷದ ಪಾಚಿ · ನವೆಂಬರ್ 19

ನಾನು ಸರ್ ಅಲ್ಲ. ನಿಮ್ಮ ಸಂದೇಶ ಓದಿ ನನ್ನ ಮೊಮ್ಮಗಳು ನಕ್ಕಳು. ಇರಲಿ, ವಿಷಯಕ್ಕೆ ಬರೋಣ.

ಆ ಉಪ್ಪಿನ ಮೂಟೆಯಲ್ಲಿಯೇ ನಿಮ್ಮ ಉತ್ತರವಿದೆ. ಸಾಫ್ಟ್‌ನರ್ ಎಂಬ ಯಂತ್ರವು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳನ್ನು ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯುವಾಗ ಸೋಪು ನೊರೆ ಬರಲು, ಗೀಸರಿನಲ್ಲಿ ಸುಣ್ಣ ಕಟ್ಟದಿರಲು ಅಷ್ಟು ಸಾಕು. ನಿಮ್ಮ ಕಿಟ್ ಅಳೆಯುವುದೂ ಆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೇ ಆದ್ದರಿಂದ 4 ಡಿಗ್ರಿ ಎನ್ನುತ್ತದೆ. ಆದರೆ ಕರಗಿದ ಲವಣದ ಒಟ್ಟು ಮೊತ್ತ ಎಲ್ಲಿಯೂ ಹೋಗಿಲ್ಲ, ಹೆಸರು ಬದಲಾಯಿಸಿಕೊಂಡಿದೆ ಅಷ್ಟೆ. ಟಿಡಿಎಸ್ 760 ಎಂದು ಮೀಟರು ಹೇಳುತ್ತಿರುವುದು ಅದನ್ನೇ. ಬೈಕಾರ್ಬೊನೇಟ್ ಅಂಶವಂತೂ ಸಾಫ್ಟ್‌ನರಿನೊಳಗಿಂದ ಮುಟ್ಟದಂತೆ ಹಾದು ಬರುತ್ತದೆ. ಅದು ಇರುವವರೆಗೆ ನೀವು ಹದಿನೈದಲ್ಲ, ಐವತ್ತು ಬಾದಾಮಿ ಎಲೆ ಹಾಕಿದರೂ ಪಿಎಚ್ ಇಳಿಯುವುದಿಲ್ಲ, ಏಕೆಂದರೆ ಎಲೆಯಿಂದ ಬರುವ ಅಲ್ಪ ಆಮ್ಲವನ್ನು ಅದು ಬಂದ ಹಾಗೆಯೇ ನುಂಗಿಬಿಡುತ್ತದೆ. ಎರಡನೆಯ ಕಿಟ್ ಒಂದಿದೆ, ಕಾರ್ಬೊನೇಟ್ ಗಡಸುತನ ಅಳೆಯುವುದು. ಅದರಲ್ಲಿ ನೋಡಿ, ನಿಮ್ಮದು ಹತ್ತು ಡಿಗ್ರಿಯ ಮೇಲೆಯೇ ಇರುತ್ತದೆ.

ಈಗ ಮೊಟ್ಟೆಯ ಮಾತು. ಬೆಳ್ಳಗಾದ ಮೊಟ್ಟೆಗಳೆಲ್ಲ ಒಂದೇ ಕಾರಣಕ್ಕೆ ಕೆಡುವುದಿಲ್ಲ. ಮೊದಲ 24 ಗಂಟೆಯೊಳಗೆ ಅಲ್ಲೊಂದು ಇಲ್ಲೊಂದರಂತೆ ಎಲ್ಲ ಕಡೆಯೂ ಬೆಳ್ಳಗಾದರೆ ಅವು ಫಲವಾಗಿಲ್ಲ ಎಂದೇ ನಾನು ತಿಳಿಯುತ್ತೇನೆ. ಒಂದು ಮೂಲೆಯಲ್ಲಿ ಶುರುವಾಗಿ ಹತ್ತಿಯಂತೆ ಎಳೆ ಬಿಟ್ಟು ಪಕ್ಕದ ಮೊಟ್ಟೆಗಳಿಗೆ ಹಬ್ಬಿದರೆ ಅದು ಬೂಷ್ಟು. ನಿಮ್ಮ ವಿವರಣೆ ಮೊದಲನೆಯದಕ್ಕೆ ಹೊಂದುತ್ತದೆ. ಈ ಮೀನು ಪೆರುವಿನ ಉಕಯಾಲಿ ನದಿ ಮತ್ತು ಅದರ ಸುತ್ತಲಿನ ಪಶ್ಚಿಮ ಅಮೆಜಾನಿನ ಹಳ್ಳಗಳದ್ದು. ಎಲೆ ಉದುರಿ ಕೊಳೆತ ಆಳವಿಲ್ಲದ ದಡದ ನೀರಿನಲ್ಲಿ ಬದುಕುವಂಥದ್ದು. ಅಪಿಸ್ಟೊಗಳ ಪೈಕಿ ಕಾಕಟೂ ಸಹಿಷ್ಣು ಜಾತಿ, ನಿಮ್ಮ ನೀರಿನಲ್ಲಿ ಬದುಕುತ್ತದೆ, ಬಣ್ಣವನ್ನೂ ತೋರಿಸುತ್ತದೆ. ಬದುಕುವುದೇ ಬೇರೆ, ಮೊಟ್ಟೆ ಫಲಿಸುವುದೇ ಬೇರೆ. ಮೀನು ತನ್ನ ದೇಹದೊಳಗಿನ ಉಪ್ಪನ್ನು ಹೇಗೋ ಸರಿದೂಗಿಸಿಕೊಳ್ಳುತ್ತದೆ. ಆಗ ತಾನೇ ಹೊರಬಿದ್ದ ಮೊಟ್ಟೆಗೆ ಆ ಶಕ್ತಿ ಇಲ್ಲ.

ಸಾಫ್ಟ್‌ನರ್ ನೀರನ್ನು ಬಿಟ್ಟುಬಿಡಿ. ಕಾವೇರಿ ನೀರು ಸಿಗುವ ಬಂಧುಗಳ ಮನೆ ಇದ್ದರೆ ಎರಡು ಕ್ಯಾನ್ ತುಂಬಿಸಿಕೊಂಡು ಬಂದು, ಒಂದು ದಿನ ಏರ್ ಪಂಪ್ ಹಾಕಿ ಇಟ್ಟು ಕ್ಲೋರಿನ್ ಹೋದ ಮೇಲೆ ಆರ್‌ಒ ನೀರಿನೊಡನೆ ಬೆರೆಸಿ. ಬದಲಾವಣೆ ಮಾತ್ರ ನಿಧಾನವಾಗಿರಲಿ. ವಾರಕ್ಕೆ ಎರಡು ಸಲ, ಪ್ರತಿ ಸಲ ಐದರಲ್ಲಿ ಒಂದು ಪಾಲು ನೀರಿಗಿಂತ ಹೆಚ್ಚು ಬದಲಾಯಿಸಬೇಡಿ.

ಹುಬ್ಬಳ್ಳಿಯ ಹೊಸಬ · ನವೆಂಬರ್ 19

ಆರ್‌ಒ ಯಂತ್ರದಿಂದ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ನೀರು ಹೊರಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ನೋಡಿದ ಮೇಲೆ ಮೀನಿಗಾಗಿ ಹಾಗೆ ಮಾಡುವುದು ಸರಿಯೇ ಎಂಬ ಅನುಮಾನ ನನಗಿದೆ.

ಮೂವತ್ತು ವರ್ಷದ ಪಾಚಿ · ನವೆಂಬರ್ 19

ಅನುಮಾನ ನ್ಯಾಯವಾದದ್ದೇ. ಹೊರಹೋಗುವ ನೀರನ್ನು ನಮ್ಮ ಮನೆಯಲ್ಲಿ ನೆಲ ಒರೆಸಲು, ಶೌಚಾಲಯಕ್ಕೆ ಬಳಸುತ್ತೇವೆ. ಅದಕ್ಕಿಂತ ಒಳ್ಳೆಯದು ಮಳೆನೀರು. ಮಳೆಗಾಲದ ಮೊದಲ ಎರಡು ಮೂರು ಮಳೆಯ ನೀರನ್ನು ಹರಿಯಬಿಟ್ಟು, ತಾರಸಿ ತೊಳೆದ ಮೇಲೆ ಬಂದದ್ದನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿದ ಡ್ರಮ್ಮಿನಲ್ಲಿಟ್ಟರೆ ಆರ್‌ಒ ನೀರಿನ ಬದಲಿಗೆ ಬಳಸಬಹುದು. ನವೆಂಬರಿನಲ್ಲಿ ಕೇಳಿದವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಿದ್ದೆ.

ನೇತ್ರಾವತಿ ತೀರ · ನವೆಂಬರ್ 20

ನಮ್ಮ ಕಡೆಯ ಕೆಂಪುಕಲ್ಲಿನ ಬಾವಿಯ ನೀರು ಹುಟ್ಟಿನಿಂದಲೇ ಮೆದು, ಸ್ವಲ್ಪ ಆಮ್ಲೀಯವೂ ಹೌದು. ಈ ಚರ್ಚೆ ಓದಿದಾಗ ನಮ್ಮ ಪುಣ್ಯ ನೆನಪಾಗುತ್ತದೆ. ಆದರೂ ಒಂದು ಮಾತು. ಸಿಕ್ಲಿಡ್ ಸಾಕಲು ಪೆರುವಿನವರೆಗೆ ಏಕೆ ಹೋಗಬೇಕು? ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಒಂದಾದ ಎಟ್ರೋಪ್ಲಸ್ ಕೆನರೆನ್ಸಿಸ್‌ಗೆ ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ನಮ್ಮ ಕೆನರಾದ ಹೆಸರನ್ನೇ ಇಟ್ಟರು, ಅದು ನೇತ್ರಾವತಿ ಮತ್ತು ಕುಮಾರಧಾರಾ ಸೀಮೆಯ ಮೀನು. ಇನ್ನೊಂದು ಆರೆಂಜ್ ಕ್ರೋಮೈಡ್, ಕೈಬೆರಳುದ್ದದ್ದು. ಅದರ ಮರಿಗಳು ತಂದೆತಾಯಿಯ ಮೈಗೆ ಬಂದು ಬಂದು ಮುಟ್ಟಿ, ಚರ್ಮದ ಮೇಲಿನ ಲೋಳೆಯನ್ನು ಮೆಲ್ಲುವುದನ್ನು ಒಂದು ಸಲ ನೋಡಿದವರು ಬೇರೆ ಮೀನು ಕೇಳುವುದಿಲ್ಲ.

ಮೂವತ್ತು ವರ್ಷದ ಪಾಚಿ · ನವೆಂಬರ್ 20

ಕ್ರೋಮೈಡ್ ನನ್ನಲ್ಲಿಯೂ ಇತ್ತು, ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಈ ಮಹನೀಯರ ಟ್ಯಾಂಕಿನಲ್ಲಿ ಈಗಾಗಲೇ ಮೂರು ಅಪಿಸ್ಟೊ ಇವೆ. ಅವುಗಳ ಮೊಟ್ಟೆಗೆ ದಾರಿ ಹುಡುಕೋಣ. ಕ್ರೋಮೈಡ್‌ಗೆ ಬೇರೆಯೇ ಚರ್ಚೆ ತೆರೆಯಿರಿ, ನಾನೇ ಮೊದಲು ಬರುತ್ತೇನೆ.

ಫ್ರಾಂಕ್‌ಫರ್ಟ್ ಕನ್ನಡಿಗ · ನವೆಂಬರ್ 21

ನಮಸ್ಕಾರ. ಇಲ್ಲಿ ಜರ್ಮನಿಯಲ್ಲಿ ಅಪಿಸ್ಟೊ ಮರಿ ಮಾಡಿಸುವುದು ಹಲವರಿಗೆ ಹಳೆಯ ಹವ್ಯಾಸ, ಅವರಿಂದ ಕಲಿತ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ನಿಮ್ಮ ಎರಡು ಹೆಣ್ಣುಗಳೂ ಹೆಣ್ಣೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದೊಡ್ಡ ಗಂಡಿನ ಎದುರು ಬೆಳೆದ ಚಿಕ್ಕ ಗಂಡುಗಳು ಬಣ್ಣ ಬಿಡದೆ, ರೆಕ್ಕೆ ಚಾಚದೆ, ಹೆಣ್ಣಿನ ವೇಷದಲ್ಲಿಯೇ ತಿಂಗಳುಗಟ್ಟಲೆ ಕಳೆಯುತ್ತವೆ. ಹೊಟ್ಟೆಯಡಿಯ ಜೋಡಿ ರೆಕ್ಕೆಗಳನ್ನು ನೋಡಿ: ಹೆಣ್ಣಿನಲ್ಲಿ ಅವುಗಳ ಮುಂದಿನ ಅಂಚು ಕಾಡಿಗೆ ತೀಡಿದಷ್ಟು ಕಪ್ಪಾಗಿರುತ್ತದೆ.

ಎರಡನೆಯದು 29 ಡಿಗ್ರಿಯ ವಿಷಯ. ಮರಿಗಳು ಬಂದ ಮೇಲೆ 26ಕ್ಕೆ ಇಳಿಸಿ. ಕಾರಣ ದೊಡ್ಡದಿದೆ, ಮರಿಗಳು ಬರಲಿ, ಆಗ ಬರೆಯುತ್ತೇನೆ.

ಕನಕಪುರ ರಸ್ತೆ · ಡಿಸೆಂಬರ್ 24

ಎಲ್ಲರಿಗೂ ಕೃತಜ್ಞತೆಗಳು. ಕಾರ್ಬೊನೇಟ್ ಕಿಟ್ ತರಿಸಿ ನೋಡಿದೆ, 14 ಡಿಗ್ರಿ. ಪಾಚಿ ಅಮ್ಮನವರ ಊಹೆ ನಿಜವಾಯಿತು. ಬಸವನಗುಡಿಯಲ್ಲಿರುವ ತಾಯಿಯ ಮನೆಯ ಕಾವೇರಿ ನೀರಿನ ಟಿಡಿಎಸ್ ನನ್ನ ಮೀಟರಿನಲ್ಲಿ 210 ಬಂತು, ಆರ್‌ಒ ನೀರಿನದು 25; ಸಮಪಾಲು ಬೆರೆಸಿದಾಗ 120ರ ಹತ್ತಿರ ನಿಂತಿತು. ಮೂರು ವಾರ ನಿಧಾನವಾಗಿ ಬದಲಾಯಿಸಿದ ಮೇಲೆ ಟ್ಯಾಂಕಿನ ಪಿಎಚ್ ಅದೇ ಬಾದಾಮಿ ಎಲೆಗಳಿಂದ 6.7ಕ್ಕೆ ಇಳಿಯಿತು.

ಡಿಸೆಂಬರ್ 11ರಂದು ದೊಡ್ಡ ಹೆಣ್ಣು ಮೊಟ್ಟೆ ಇಟ್ಟಿತು. ಈ ಸಲ ಬೆಳ್ಳಗಾದವು ಐದೋ ಆರೋ ಮಾತ್ರ, ಅವನ್ನು ಹೆಣ್ಣೇ ಬಾಯಿಂದ ಕಿತ್ತು ತೆಗೆಯಿತು. ಎರಡು ದಿನಕ್ಕೆ ಮೊಟ್ಟೆಗಳು ಒಡೆದು, ಕರಟದ ತಳದಲ್ಲಿ ಬಾಲ ಮಿಡಿಯುವ ಒಂದು ಮುದ್ದೆಯಾಯಿತು. ಹೆಣ್ಣು ಅದನ್ನು ಬಾಯಿತುಂಬ ಎತ್ತಿಕೊಂಡು ಒಂದು ರಾತ್ರಿ ಈ ಕರಟಕ್ಕೆ, ಮರುರಾತ್ರಿ ಆ ಕರಟಕ್ಕೆ ಮನೆ ಬದಲಾಯಿಸುತ್ತಿತ್ತು. ತನ್ನ ಎರಡರಷ್ಟಿರುವ ಗಂಡನ್ನು ಅದು ಫಿಲ್ಟರಿನ ಹಿಂದೆ ಮೂಲೆಗೆ ತಳ್ಳಿ ನಿಲ್ಲಿಸಿದ್ದನ್ನು ನೋಡಿ ಮನೆಯವರೆಲ್ಲ ಬೆರಗಾದೆವು. ಆರನೆಯ ದಿನ ಬೆಳಿಗ್ಗೆ ಐವತ್ತಕ್ಕೂ ಹೆಚ್ಚು ಮರಿಗಳು ಅಮ್ಮನ ಹಿಂದೆ ಹೊರಬಂದವು. ಅದು ಮೈಯನ್ನು ಒಮ್ಮೆ ಜರ್ ಎಂದು ಕೊಡವಿದರೆ ಸಾಕು, ಅಷ್ಟೂ ಮರಿಗಳು ಮರಳಿಗೆ ಅಂಟಿ ಮಾಯವಾಗುತ್ತಿದ್ದವು.

ಸಂತೋಷ ನಾಲ್ಕು ದಿನದ್ದು. ದಿನಕ್ಕೆ ಹತ್ತು ಹದಿನೈದರಂತೆ ಕಡಿಮೆಯಾಗಿ, 22ರ ಬೆಳಿಗ್ಗೆ ಒಂದೂ ಇರಲಿಲ್ಲ. ಅಂಗಡಿಯ ಮರಿ ಆಹಾರದ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದೆ.

ಹಾಸನದ ಅಕ್ವೇರಿಯಂ · ಡಿಸೆಂಬರ್ 24

ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ. ನಾವು ಗೋಲ್ಡ್ ಫಿಶ್ ಮರಿಗಳನ್ನು ಹಾಗೆಯೇ ಸಾಕಿದ್ದು.

ಮೂವತ್ತು ವರ್ಷದ ಪಾಚಿ · ಡಿಸೆಂಬರ್ 25

ಹಾಸನದವರ ಅನುಭವವನ್ನು ಅಲ್ಲಗಳೆಯುತ್ತಿಲ್ಲ, ಆದರೆ ಇಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ನೂರಾರು ಗೋಲ್ಡ್ ಫಿಶ್ ಮರಿಗಳು ತೇಲುತ್ತಿರುವ ಹಳದಿಯನ್ನು ಕ್ಷಣದಲ್ಲಿ ಮುಗಿಸುತ್ತವೆ. ಐವತ್ತು ಅಪಿಸ್ಟೊ ಮರಿಗಳು ತಳದಲ್ಲಿ ಮೂಗು ಊರಿಕೊಂಡು ಅಲುಗಾಡುವುದನ್ನು ಮಾತ್ರ ಹಿಡಿಯುತ್ತವೆ. ಉಳಿದ ಹಳದಿ ಮರಳಿನೊಳಗೆ ಸೇರಿ ಸಂಜೆಯೊಳಗೆ ನಾರುತ್ತದೆ. ನಿಮ್ಮ ಪುಡಿಗೂ ಆದದ್ದು ಅದೇ: ಮರಿಗಳ ಕಣ್ಣಿಗೆ ಅದು ಆಹಾರವೇ ಅಲ್ಲ. ಹೊಟ್ಟೆಯಡಿಯ ಹಳದಿ ಚೀಲ ಇರುವವರೆಗೆ ಅವು ಬದುಕಿದ್ದವು, ಅದು ಮುಗಿದ ಮೇಲೆ ಹಸಿವಿನಿಂದ ಹೋದವು. ಅಮ್ಮ ತಿಂದಿತೆಂದು ಅದನ್ನು ದೂರಬೇಡಿ.

ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯ ಆಗ ತಾನೇ ಒಡೆದ ಮರಿಗಳು, ಬೇಕೇ ಬೇಕು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ತಳದಿಂದ ಏರ್ ಪಂಪಿನ ನಳಿಗೆ, ಪಕ್ಕದಲ್ಲಿ ಒಂದು ದೀಪ. 28 ಡಿಗ್ರಿ ಇದ್ದರೆ 24 ಗಂಟೆಗೆ ಒಡೆಯುತ್ತವೆ; ಡಿಸೆಂಬರಿನ ಬೆಂಗಳೂರಿನಲ್ಲಿ 36 ಗಂಟೆ ಕೊಡಿ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತಳಕ್ಕೆ ಕೂರುತ್ತವೆ, ಬದುಕಿದ ಹುಳುಗಳು ಬೆಳಕಿದ್ದ ಕಡೆಗೆ ಕಿತ್ತಳೆ ಮೋಡದಂತೆ ಗುಂಪುಗೂಡುತ್ತವೆ. ಆ ಮೋಡವನ್ನು ನಳಿಗೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ಡ್ರಾಪರಿನಿಂದ ಮರಿಗಳ ಗುಂಪಿನ ಮೇಲೆಯೇ ಬಿಡಿ. ಐದು ನಿಮಿಷ ಬಿಟ್ಟು ಭೂತಗನ್ನಡಿ ಹಿಡಿದು ನೋಡಿದರೆ ಕೂದಲೆಳೆಯಂಥ ಮೈಯಲ್ಲಿ ಹೊಟ್ಟೆಯೊಂದೇ ಕುಂಕುಮದ ಚುಕ್ಕೆಯಂತೆ ಉಬ್ಬಿರಬೇಕು. ಹಾಗೆ ಕಂಡರೆ ಆ ಹೊತ್ತಿನ ಕೆಲಸ ಮುಗಿಯಿತು, ಕಾಣದಿದ್ದರೆ ಮತ್ತೊಂದು ಡ್ರಾಪರ್.

ಒಂದೇ ಬಾಟಲಿಯನ್ನು ನಂಬಬೇಡಿ. ಎರಡನ್ನು ಒಂದು ದಿನದ ಅಂತರದಲ್ಲಿ ಹಾಕುತ್ತ ಹೋಗಿ. ಮೊಟ್ಟೆ ಇಟ್ಟ ದಿನವೇ ಮೊದಲ ಬಾಟಲಿಯ ಪರೀಕ್ಷೆಯೂ ಆಗಲಿ. ಹಳೆಯ ಡಬ್ಬಿಯ ಆರ್ಟೀಮಿಯಾ ಒಡೆಯುವುದಿಲ್ಲವೆಂದು ಮರಿ ಈಜುವ ದಿನ ತಿಳಿದರೆ ಅಂದಿಗೆ ಕತೆ ಮುಗಿದಂತೆ.

ಕೊಪ್ಪದ ಮಳೆ · ಡಿಸೆಂಬರ್ 26

ಇಷ್ಟು ದಿನ ಓದುತ್ತಷ್ಟೇ ಇದ್ದೆ. ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನ ಬಾರದಿರುವುದೂ ಉಂಟು, ಆದ್ದರಿಂದ ಆರ್ಟೀಮಿಯಾ ಬಾಟಲಿಯನ್ನು ನೆಚ್ಚಿಕೊಳ್ಳಲಾರೆ. ಮೀನುಮರಿಗಳಿಗೆ ಆಹಾರವಾಗುವ ಮೈಕ್ರೊವರ್ಮ್ ಎಂಬ ಅತಿ ಸಣ್ಣ ಹುಳು ಸಾಕುತ್ತೇನೆ. ಓಟ್ಸ್ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ಮೊಸರಿನ ಡಬ್ಬಿಯಲ್ಲಿ ಒಂದು ಬೆರಳು ದಪ್ಪ ಹರಡಿ, ಚಿಟಿಕೆ ಯೀಸ್ಟ್ ಉದುರಿಸಿ, ಯಾರಿಂದಲಾದರೂ ತಂದ ಹೆಪ್ಪನ್ನು ಒಂದು ಚಮಚ ಹಾಕಿದರೆ ವಾರದೊಳಗೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಿನಿಂದ ಒರೆಸಿ ನೀರಿಗೆ ಅದ್ದುವುದು ಅಷ್ಟೆ. ಹುಳು ತಳಕ್ಕೆ ಇಳಿದು ಅಲ್ಲಿಯೇ ಮಿಸುಕುತ್ತಿರುವುದರಿಂದ ಅಪಿಸ್ಟೊ ಮರಿಗಳಿಗೆ ಹೇಳಿ ಮಾಡಿಸಿದ್ದು. ವಾಸನೆಯ ಬಗ್ಗೆ ಮಾತ್ರ ಮನೆಯವರ ಅನುಮತಿ ಪಡೆದಿರಿ. ನಾನು ಹೀಟರ್ ಇಟ್ಟವನೂ ಅಲ್ಲ. ಕಳೆದ ಜುಲೈನ ಮಳೆಯಲ್ಲಿ ಟ್ಯಾಂಕು 22-23 ಡಿಗ್ರಿಯಲ್ಲಿತ್ತು, ಮರಿಗಳು ನಿಧಾನವಾಗಿ ಬೆಳೆದವು, ಆದರೆ 23 ಉಳಿದವು.

ಕನಕಪುರ ರಸ್ತೆ · ಮಾರ್ಚ್ 30

ಮೂರು ತಿಂಗಳ ಬಳಿಕ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಜನವರಿ 5ಕ್ಕೆ ಅದೇ ಹೆಣ್ಣು ಮತ್ತೆ ಮೊಟ್ಟೆ ಇಟ್ಟಿತು. ಆರ್ಟೀಮಿಯಾ ಬಾಟಲಿ ಎರಡು, ಕೊಪ್ಪದವರು ಕೊರಿಯರ್ ಮಾಡಿದ ಹೆಪ್ಪಿನಿಂದ ಮೈಕ್ರೊವರ್ಮ್ ಡಬ್ಬಿ ಎರಡು. ಪಾಚಿ ಅಮ್ಮ ಹೇಳಿದ ಕುಂಕುಮದ ಚುಕ್ಕೆಯನ್ನು ಕಣ್ಣಾರೆ ಕಂಡೆ. ಈಗ 26 ಮರಿಗಳು ದೊಡ್ಡವಾಗಿವೆ, ಒಂದೊಂದೂ ಒಂದು ಇಂಚು.

ಆದರೆ ಒಂದು ವಿಚಿತ್ರ. 22 ಮೀನುಗಳ ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳುಗಳು ಕಾಕಟೂ ಹಕ್ಕಿಯ ಜುಟ್ಟಿನಂತೆ ನಿಲ್ಲತೊಡಗಿವೆ, ಬಾಲದಲ್ಲಿ ಕೆಂಪು ಬರುತ್ತಿದೆ. ಹೆಣ್ಣೆಂದು ತೋರುವುದು ನಾಲ್ಕು. ದಿನವಿಡೀ ಗಂಡುಗಳ ಜಗಳ. ಫ್ರಾಂಕ್‌ಫರ್ಟಿನವರು 26ಕ್ಕೆ ಇಳಿಸಿ ಎಂದದ್ದು ನೆನಪಿತ್ತು, ಆದರೆ ಜನವರಿಯ ರಾತ್ರಿಗಳಲ್ಲಿ ಮನೆಯೊಳಗೇ ಚಳಿ ಕೊರೆಯುತ್ತಿದ್ದುದರಿಂದ ಮರಿಗಳಿಗೆ ಏನಾದರೂ ಆದೀತೆಂದು ಹೆದರಿ ಹೀಟರ್ ಮುಟ್ಟಲಿಲ್ಲ. ಆ ದೊಡ್ಡ ಕಾರಣ ಇದೇ ಇರಬಹುದೇ?

ಫ್ರಾಂಕ್‌ಫರ್ಟ್ ಕನ್ನಡಿಗ · ಮಾರ್ಚ್ 30

ಇದೇ. ಆಗಲೇ ಬಿಡಿಸಿ ಬರೆಯದೆ ಹೋದದ್ದು ನನ್ನ ತಪ್ಪು. ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ಗರ್ಭಧಾರಣೆಯ ಕ್ಷಣದಲ್ಲಿಯೇ ಕ್ರೋಮೊಸೋಮುಗಳಿಂದ ತೀರ್ಮಾನವಾಗುತ್ತದೆ. ಅಪಿಸ್ಟೊಗಳಲ್ಲಿ ಆ ತೀರ್ಮಾನ ಮೊಟ್ಟೆ ಒಡೆದ ಮೇಲೂ ಕೆಲವು ವಾರ ಬಾಕಿ ಉಳಿದಿರುತ್ತದೆ, ಸುತ್ತಲಿನ ನೀರೂ ಅದರಲ್ಲಿ ಕೈಯಾಡಿಸುತ್ತದೆ. ರೋಮರ್ ಮತ್ತು ಬೈಸೆನ್‌ಹರ್ಟ್ಸ್ ಎಂಬ ಜರ್ಮನ್ ಸಂಶೋಧಕರು ಮೂವತ್ತಕ್ಕೂ ಹೆಚ್ಚು ಅಪಿಸ್ಟೊ ಜಾತಿಗಳ ಮರಿಗಳನ್ನು 23, 26 ಮತ್ತು 29 ಡಿಗ್ರಿಗಳಲ್ಲಿ ಬೆಳೆಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿ ಹೆಚ್ಚಾದಂತೆ ಗಂಡುಗಳು ಹೆಚ್ಚಿದವು, ತಂಪಾದಂತೆ ಹೆಣ್ಣುಗಳು. ನಿರ್ಣಾಯಕವಾದದ್ದು ಮೊದಲ ಒಂದು ತಿಂಗಳು ಅಥವಾ ಅದರ ಆಸುಪಾಸು. ಆಮೇಲೆ ಹೀಟರ್ ತಿರುಗಿಸಿ ಪ್ರಯೋಜನವಿಲ್ಲ. ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಎಂಬ ಸಿಕ್ಲಿಡ್‌ನಲ್ಲಿ ಪಿಎಚ್ ಕೂಡ ಇಂಥದೇ ಕೆಲಸ ಮಾಡುತ್ತದೆ. ಆಮ್ಲೀಯ ನೀರಿನಲ್ಲಿ ಗಂಡುಗಳು ಹೆಚ್ಚು.

ನಿಮ್ಮ ಅಂಗಡಿಯವರು ಹೇಳಿದ 29 ಡಿಗ್ರಿ ಮೊಟ್ಟೆ ಇಡಿಸುವುದಕ್ಕೆ ಅಡ್ಡಿಯಲ್ಲ. ಅದೇ 29ರಲ್ಲಿ ಮರಿ ಬೆಳೆಸಿದರೆ ಬಣ್ಣದ ಗಂಡುಗಳೇ ಹೆಚ್ಚು ಸಿಗುತ್ತವೆ, ಮಾರುವವರಿಗೆ ಅದರಿಂದ ನಷ್ಟವೂ ಇಲ್ಲ.

ಕೊಪ್ಪದ ಮಳೆ · ಮಾರ್ಚ್ 31

ಇದನ್ನು ಓದಿ ನಮ್ಮ ಟ್ಯಾಂಕಿನ ಮುಂದೆ ಹೋಗಿ ಕುಳಿತೆ. ಜುಲೈನ ಆ 23 ಮೀನುಗಳಿಗೆ ಈಗ ಎಂಟು ತಿಂಗಳು ಕಳೆದಿದೆ. ಎರಡೆರಡು ಸಲ ಎಣಿಸಿದೆ: 19 ಹೆಣ್ಣು, 4 ಗಂಡು. ನನ್ನ ಹಣೆಬರಹವೆಂದುಕೊಂಡಿದ್ದೆ, ಅದು ಮಳೆಯ ಬರಹವಾಗಿತ್ತು.

ಮೂವತ್ತು ವರ್ಷದ ಪಾಚಿ · ಮಾರ್ಚ್ 31

ಇಬ್ಬರ ಲೆಕ್ಕವೂ ಕುತೂಹಲಕರವಾಗಿದೆ, ಆದರೂ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಒಂದೊಂದು ಸಂಸಾರದ ಇಪ್ಪತ್ತು ಚಿಲ್ಲರೆ ಮರಿಗಳಿಂದ ಸಂಶೋಧನೆ ಸಾಬೀತಾಗುವುದಿಲ್ಲ. ಸತ್ತ ಮರಿಗಳಲ್ಲಿ ಯಾವುದು ಎಷ್ಟಿತ್ತು ಎಂಬುದು ಯಾರಿಗೂ ತಿಳಿಯದು. ಹನ್ನೆರಡು ವಾರದ ಮೀನಿನಲ್ಲಿ ಹೆಣ್ಣೆಂದು ಕಂಡದ್ದು, ಫ್ರಾಂಕ್‌ಫರ್ಟಿನವರೇ ನವೆಂಬರಿನಲ್ಲಿ ಎಚ್ಚರಿಸಿದಂತೆ, ಅಡಗಿರುವ ಗಂಡೂ ಆಗಿರಬಹುದು. ಕನಕಪುರ ರಸ್ತೆಯವರ ನಾಲ್ಕು ಹೆಣ್ಣುಗಳಲ್ಲಿ ಇನ್ನೊಂದೆರಡು ಜುಟ್ಟು ಬಿಟ್ಟರೆ ಆಶ್ಚರ್ಯಪಡಬೇಡಿ. ಕೊಪ್ಪದವರ ಮೀನುಗಳು ವಯಸ್ಸಿಗೆ ಬಂದಿರುವುದರಿಂದ ಆ ಲೆಕ್ಕವನ್ನು ಹೆಚ್ಚು ನಂಬುತ್ತೇನೆ. ನನ್ನ ಹಳೆಯ ನೋಟುಬುಕ್ಕುಗಳಲ್ಲಿ ಮರಿಗಳ ಎಣಿಕೆ ಇದೆ, ನೀರಿನ ಉಷ್ಣತೆ ಬರೆದಿಟ್ಟಿಲ್ಲ. ಮೂವತ್ತು ವರ್ಷ ಬರೆದೂ ಬೇಕಾದದ್ದನ್ನೇ ಬರೆಯಲಿಲ್ಲ ನೋಡಿ.

ಗಂಡುಗಳ ಜಗಳಕ್ಕೆ ಈಗಲೇ ವ್ಯವಸ್ಥೆ ಮಾಡಿ. 85 ಲೀಟರಿನಲ್ಲಿ 22 ಗಂಡು ಮುಂದಿನ ತಿಂಗಳು ಉಳಿಯುವುದಿಲ್ಲ. ಅಂಗಡಿಗೋ ಸ್ನೇಹಿತರಿಗೋ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ಕೆರೆಗಳಲ್ಲಿ ಸಕ್ಕರ್ ಕ್ಯಾಟ್‌ಫಿಶ್ ತುಂಬಿಕೊಂಡದ್ದು ಹಾಗೆಯೇ.

ಕನಕಪುರ ರಸ್ತೆ · ಏಪ್ರಿಲ್ 1

ಕೊಪ್ಪದವರಲ್ಲಿ ಒಂದು ಕೋರಿಕೆ, ಸಂಕೋಚದಿಂದಲೇ ಕೇಳುತ್ತಿದ್ದೇನೆ. ನಿಮ್ಮ ನಾಲ್ಕು ಹೆಣ್ಣು ಕೊಟ್ಟರೆ ನನ್ನ ನಾಲ್ಕು ಗಂಡು ಕೊಡಬಲ್ಲೆ. ಎರಡೂ ಕಡೆ ಅಣ್ಣತಂಗಿಯರನ್ನೇ ಜೋಡಿ ಮಾಡುವುದು ತಪ್ಪುತ್ತದೆ.

ಕೊಪ್ಪದ ಮಳೆ · ಏಪ್ರಿಲ್ 1

ಸಂಕೋಚವೇಕೆ? 26ಕ್ಕೆ ನಮ್ಮ ದಾಯಾದಿಗಳ ಮದುವೆ ಬೆಂಗಳೂರಿನಲ್ಲಿದೆ. ರಾತ್ರಿ ಬಸ್ಸಿನಲ್ಲಿ ಬರುತ್ತೇನೆ, ಹಿಂದಿನ ದಿನದಿಂದ ಮೀನಿಗೆ ಊಟ ನಿಲ್ಲಿಸಿರುತ್ತೇನೆ. ಒಂದು ಕವರಿಗೆ ಒಂದೇ ಮೀನು, ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ, ಅರ್ಧ ಬಾದಾಮಿ ಎಲೆ. ಥರ್ಮೊಕೋಲ್ ಡಬ್ಬಿ ಇದೆ. ನಿಮ್ಮ ಗಂಡುಗಳಿಗೂ ಅದೇ ಡಬ್ಬಿ ವಾಪಸ್ ಬರುವಾಗ ಆದೀತು.

ಮೂವತ್ತು ವರ್ಷದ ಪಾಚಿ · ಏಪ್ರಿಲ್ 2

ತಂದ ಕೂಡಲೇ ಹಳೆಯ ಮೀನುಗಳ ಜೊತೆ ಬಿಡಬೇಡಿ. ಮೂರು ವಾರ ಬೇರೆ ಟಬ್ಬಿನಲ್ಲಿ, ಸ್ವಂತ ಸ್ಪಾಂಜ್ ಫಿಲ್ಟರಿನೊಡನೆ ಇರಲಿ. ಮಲದ್ವಾರದಿಂದ ಕೆಂಪು ದಾರದಂಥ ಹುಳು ಇಣುಕಿದರೆ ತಕ್ಷಣ ಇಲ್ಲಿ ಬರೆಯಿರಿ. ಸ್ನೇಹಿತರ ಮೀನು ಎಂದು ರಿಯಾಯಿತಿ ಕೊಡಬೇಡಿ.

ಕನಕಪುರ ರಸ್ತೆ · ಏಪ್ರಿಲ್ 27

ನಾಲ್ಕು ಹೆಣ್ಣುಗಳೂ ಕ್ಷೇಮವಾಗಿ ಬಂದವು. ಕವರಿನ ನೀರಿನ ಟಿಡಿಎಸ್ 45, ನನ್ನದು 120. ಸಲೈನ್ ನಳಿಗೆಯಿಂದ ಹನಿಹನಿಯಾಗಿ ಎರಡು ಗಂಟೆ ನೀರು ಇಳಿಸಿದ ಮೇಲೆ ಟಬ್ಬಿಗೆ ಬಿಟ್ಟೆ. ಪಾಚಿ ಅಮ್ಮ ಹೇಳಿದಂತೆ ನನ್ನ ನಾಲ್ಕು ಹೆಣ್ಣುಗಳಲ್ಲಿ ಒಂದರ ಬಾಲದಲ್ಲಿ ಈ ವಾರ ಕೆಂಪು ಚುಕ್ಕೆ ಮೂಡಿದೆ, ಹೀಗಾಗಿ ಲೆಕ್ಕ 23ಕ್ಕೆ 3. ಹೀಟರನ್ನು 25ಕ್ಕೆ ತಿರುಗಿಸಿದ್ದೇನೆ, ಆದರೆ ಏಪ್ರಿಲ್ ಬಿಸಿಲಿಗೆ ನೀರು ತಾನಾಗಿಯೇ 28 ತೋರಿಸುತ್ತಿದೆ. ಮಳೆ ಹಿಡಿಯುವವರೆಗೆ ಕರಟಗಳನ್ನು ಹೊರಗಿಟ್ಟು ಮೊಟ್ಟೆ ಇಡದಂತೆ ನೋಡಿಕೊಳ್ಳುತ್ತೇನೆ.

ಕೊಪ್ಪದ ಹೆಣ್ಣುಗಳಲ್ಲಿ ಮೂರು ಸಂಜೆಯೇ ಆರ್ಟೀಮಿಯಾ ತಿಂದವು. ನಾಲ್ಕನೆಯದು ಇನ್ನೂ ಬಾದಾಮಿ ಎಲೆಯ ಕೆಳಗಿನಿಂದ ಹೊರಗೆ ಬಂದಿಲ್ಲ.